ಪ್ಲಮ್ ಮರಕ್ಕೆ ಕಟ್ಟಿದ ದಾರ

ಮಾರ್ಚ್ ಮಧ್ಯದಲ್ಲಿ ಬಲ್ಗೇರಿಯಾದ ರಾಜಧಾನಿ ಸೋಫಿಯಾಕ್ಕೆ ಬಂದಿಳಿದೆವು. ಊರಿಗೆ ಒರಗಿಕೊಂಡಂತಿರುವ ವಿತೋಶಾ ಬೆಟ್ಟದ ಮೇಲೆ ಇನ್ನೂ ಹಿಮವಿತ್ತು. ಆ ದೇಶದ ಒಂದು ಮಕ್ಕಳ ಮನೆಯಲ್ಲಿ ನಾಲ್ಕು ವರ್ಷದ ಹುಡುಗನೊಬ್ಬನಿದ್ದ. ಅವನನ್ನು ದತ್ತು ತೆಗೆದುಕೊಳ್ಳಲೆಂದು ನಾನೂ ನನ್ನ ಪತಿಯೂ ನೋಡಲು ಬಂದಿದ್ದೆವು. ಎರಡು ಫೋಟೊ, ಒಂದು ವೈದ್ಯಕೀಯ ವರದಿ. ಅವನ ಬಗ್ಗೆ ನಮಗೆ ಗೊತ್ತಿದ್ದದ್ದು ಅಷ್ಟೇ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

ಮರುದಿನ ತ್ರಾಕಿಯಾ ಹೆದ್ದಾರಿಯಲ್ಲಿ ಪ್ಲೊವ್ದಿವ್ ಕಡೆಗೆ ಹೊರಟೆವು. ಬಯಲು, ದ್ರಾಕ್ಷಿ ತೋಟಗಳು, ಬಲಕ್ಕೆ ದೂರದಲ್ಲಿ ರೊದೊಪಿ ಬೆಟ್ಟಸಾಲು. ನಾನು ಸುಮ್ನೆ ಕಿಟಕಿಯಾಚೆ ನೋಡುತ್ತಿದ್ದೆ. ದಾರಿಯಲ್ಲಿ ದುಭಾಷಿ ಒಂದು ಮಾತು ಹೇಳಿದರು: ‘ಇಲ್ಲಿನವರು ಹೌದು ಎನ್ನಲು ತಲೆಯನ್ನು ಅತ್ತಿತ್ತ ಆಡಿಸುತ್ತಾರೆ. ಇಲ್ಲ ಎನ್ನಲು ಮೇಲಕ್ಕೆತ್ತುತ್ತಾರೆ. ಮಗು ತಲೆಯಾಡಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.’

ನಾನು ದೊಡ್ಡ ಅನಾಥಾಲಯವೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಕಾರು ನಿಂತದ್ದು ಹೆಂಚಿನ ಮನೆಯೊಂದರ ಮುಂದೆ. 2010ರಿಂದ ಬಲ್ಗೇರಿಯಾ ಹಳೆಯ ದೊಡ್ಡ ಮಕ್ಕಳ ಮನೆಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದಿದೆ. ಅಲ್ಲಿದ್ದ ಮಕ್ಕಳನ್ನು ಇಂಥ ಚಿಕ್ಕ ಮನೆಗಳಿಗೆ ಕಳಿಸಿದ್ದಾರೆ. ಅವರಲ್ಲಿ ಬಹಳ ಮಂದಿಗೆ ಹೆತ್ತವರು ಬದುಕಿಯೇ ಇದ್ದಾರೆ. ಸಾಕುವ ಸ್ಥಿತಿ ಇಲ್ಲ, ಅಥವಾ ಬಿಟ್ಟುಕೊಟ್ಟಿದ್ದಾರೆ. ಅನಾಥ ಅನ್ನುವ ಮಾತನ್ನು ನಾನು ಆವತ್ತೇ ಬಿಟ್ಟೆ.

ಅವನು ಬಾಗಿಲ ಹಿಂದೆ ನಿಂತಿದ್ದ. ನೋಡಿಕೊಳ್ಳುವ ಹೆಂಗಸಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಮಕ್ಕಳೆಲ್ಲ ಆಕೆಯನ್ನು ‘ಲೇಲ್ಯಾ’ ಎಂದು ಕರೆಯುತ್ತಿದ್ದರು. ಲೇಲ್ಯಾ ಅಂದರೆ ಅತ್ತೆಯೋ ಚಿಕ್ಕಮ್ಮನೋ, ಹಾಗೆ. ನಾನು ಅಭ್ಯಾಸ ಮಾಡಿಕೊಂಡು ಹೋಗಿದ್ದ ‘ಎಲಾ’, ಅಂದರೆ ಬಾ, ಎಂದೆ. ಅವನು ಬರಲಿಲ್ಲ. ಯಾಕೆ ಬರಬೇಕು? ಅವನ ಪಾಲಿಗೆ ನಾವು ಎಲ್ಲಿಂದಲೋ ಬಂದ ಇಬ್ಬರು, ಅಷ್ಟೇ ಅಲ್ವಾ?

ಮೊದಲ ಪ್ರಯಾಣದಲ್ಲಿ ಮಗುವಿನ ಜೊತೆ ಕನಿಷ್ಠ 5 ದಿನ ಇರಬೇಕು ಎಂಬುದು ಅಲ್ಲಿನ ಕಾನೂನು. ಕಾಗದದ ಮೇಲೆ ಓದಿದಾಗ ಇದೊಂದು ಶಾಸ್ತ್ರ ಅನಿಸಿತ್ತು. ಈಗ ಹೇಳುತ್ತೇನೆ, ಆ ನಿಯಮ ಮಾಡಿದವರು ಮಕ್ಕಳನ್ನು ಬಲ್ಲವರು. ಮೊದಲ ದಿನ ಅವನು ದೂರ ಕೂತು ನೋಡಿದ. ಎರಡನೇ ದಿನ ಚೆಂಡನ್ನು ಉರುಳಿಸಿದ. ಮೂರನೇ ದಿನ ನನ್ನ ಪತಿ ಬ್ಲಾಕುಗಳಿಂದ ಗೋಪುರ ಕಟ್ಟಿ ಬೀಳಿಸಿದಾಗ ‘ಓಷ್ತೆ’ ಎಂದ. ಇನ್ನಷ್ಟು ಎಂದರ್ಥ. ಮಧ್ಯಾಹ್ನವೆಲ್ಲ ಗೋಪುರ ಬೀಳುತ್ತಲೇ ಇತ್ತು.

ಅಲ್ಲಿ ಮಾರ್ಚ್ 1ರಂದು ಎಲ್ಲರೂ ಕೆಂಪು–ಬಿಳಿ ದಾರದ ಮಾರ್ತೆನಿತ್ಸಾ ಕಟ್ಟಿಕೊಳ್ಳುತ್ತಾರೆ. ಕೊಕ್ಕರೆಯನ್ನೋ ಹೂಬಿಟ್ಟ ಮರವನ್ನೋ ಕಂಡ ದಿನ ಬಿಚ್ಚಿ ಮರಕ್ಕೆ ಕಟ್ಟುತ್ತಾರೆ. ಲೇಲ್ಯಾ ನಮ್ಮ ಕೈಗೂ ಒಂದೊಂದು ಕಟ್ಟಿದ್ದರು. ನಾಲ್ಕನೇ ದಿನ ಅಂಗಳದ ಪ್ಲಮ್ ಮರ ಹೂ ಬಿಟ್ಟಿತ್ತು. ಮಕ್ಕಳು ಓಡಿದರು. ಇವನಿಗೆ ಕೊಂಬೆ ಎಟುಕಲಿಲ್ಲ. ಸುತ್ತ ನೋಡಿದ. ಆಮೇಲೆ ನನ್ನ ಪತಿಯ ಮುಂದೆ ಬಂದು ಎರಡೂ ಕೈ ಮೇಲೆತ್ತಿದ.

ಐದನೇ ದಿನ ಬಿಟ್ಟು ಬರಬೇಕಾಯಿತು. ಈ ದಾರಿಯಲ್ಲಿ ಅತಿ ಕಷ್ಟದ ಘಳಿಗೆ ಇದೇ. ‘ಮತ್ತೆ ಬರುತ್ತೇವೆ’ ಎಂದು ದುಭಾಷಿ ಹೇಳಿದರು. ನಾಲ್ಕು ವರ್ಷದ ಮಗುವಿಗೆ ‘ಮತ್ತೆ’ ಅಂದರೆ ಎಷ್ಟು ದಿನ? ನಮ್ಮ ಫೋಟೊಗಳ ಆಲ್ಬಮ್ ಒಂದನ್ನು ಲೇಲ್ಯಾ ಕೈಗೆ ಕೊಟ್ಟು ಬಂದೆವು.

ಆಮೇಲೆ ಕಾಯುವ ಕೆಲಸ. ನ್ಯಾಯ ಸಚಿವರ ಒಪ್ಪಿಗೆ, ಸೋಫಿಯಾ ನಗರ ನ್ಯಾಯಾಲಯದ ತೀರ್ಪು, ಹೊಸ ಜನನ ಪತ್ರ, ಪಾಸ್‌ಪೋರ್ಟ್. ದೇಶದಿಂದ ದೇಶಕ್ಕೆ ಮಕ್ಕಳನ್ನು ದತ್ತು ಕೊಡುವ ಬಗ್ಗೆ ಇರುವ 1993ರ ಹೇಗ್ ಒಪ್ಪಂದದ ಪ್ರಕಾರ ಮಗುವಿಗೆ ಮೊದಲು ತನ್ನ ದೇಶದಲ್ಲೇ ಮನೆ ಹುಡುಕಬೇಕು. ಇವನಿಗೆ ಹುಡುಕಿದ್ದರು, ಸಿಕ್ಕಿರಲಿಲ್ಲ. ತಡವಾದಾಗಲೆಲ್ಲ ಸಿಟ್ಟು ಬರುತ್ತಿತ್ತು. ಆದರೂ ಯಾರೂ ಅವಸರದಲ್ಲಿ ಮಗುವನ್ನು ಗಡಿ ದಾಟಿಸಬಾರದು ಎಂದು ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ.

ಅಕ್ಟೋಬರಿನಲ್ಲಿ ಮತ್ತೆ ಹೋದೆವು. ಪ್ಲಮ್ ಎಲೆ ಹಳದಿಯಾಗಿತ್ತು, ಬಣ್ಣ ಹೋದ ದಾರಗಳು ಕೊಂಬೆಯಲ್ಲೇ ಇದ್ದವು. ಅವನು ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಅಂಚು ಹರಿದ ಆಲ್ಬಮ್. ಹೊರಡುವಾಗ ಲೇಲ್ಯಾ ಅತ್ತರು. ಅವನು ಅಳಲಿಲ್ಲ. ಮರದ ಕೆಳಗೆ ಲೇಲ್ಯಾ ಜೊತೆ ಅವನ ಫೋಟೊ ತೆಗೆದು, ಆವತ್ತೇ ಸಂಜೆ ಸೋಫಿಯಾದಲ್ಲಿ ಪ್ರಿಂಟ್ ಹಾಕಿಸಿ ಆಲ್ಬಮ್ಮಿಗೆ ಸೇರಿಸಿದೆವು.

ರಾತ್ರಿ ಹೋಟೆಲಿನಲ್ಲಿ ಅವನಿಗೆ ಅಳು ಬಂತು. ಲೇಲ್ಯಾ, ಲೇಲ್ಯಾ ಎಂದು ಕರೆದ. ಸಮಾಧಾನ ಹೇಳಲು ನಮಗೆ ಮಾತಿರಲಿಲ್ಲ. ನಾವು ಅವನಿಗೆ ಮನೆ ಕೊಡುತ್ತಿದ್ದೆವು, ಜೊತೆಗೆ ಅವನು ಬಲ್ಲ ಒಂದೇ ಮನೆಯನ್ನು ಬಿಡಿಸುತ್ತಲೂ ಇದ್ದೆವು. ಇಬ್ಬರೂ ನೆಲದ ಮೇಲೆ ಅವನ ಪಕ್ಕ ಕೂತೆವು. ಆಲ್ಬಮ್ ತೆರೆದು ಆ ಫೋಟೊ ತೋರಿಸಿದೆ. ಬೆರಳಿನಿಂದ ಆಕೆಯ ಮುಖ ಮುಟ್ಟಿದ. ನಾನು ಪುಟ ತಿರುಗಿಸಹೋದೆ. ಅವನು ತಲೆ ಮೇಲಕ್ಕೆತ್ತಿದ. ಬೇಡ ಎಂದು ನನಗೆ ಅರ್ಥವಾಯಿತು. ಅದೇ ಪುಟವನ್ನು ತೆರೆದಿಟ್ಟುಕೊಂಡು ಬಹಳ ಹೊತ್ತು ಕೂತೆವು.