ಬ್ಯಾಂಡ್ ಹಾಕಿಸಿಕೊಂಡ ಹೊಟ್ಟೆ, ಮಂಡ್ಯದ ಅಡುಗೆ: ಅವರೆಕಾಲದಿಂದ ಆಷಾಢದವರೆಗಿನ ದಾಖಲೆ

ಗ್ಯಾಸ್ಟ್ರಿಕ್ ಬ್ಯಾಂಡ್ ಶಸ್ತ್ರಚಿಕಿತ್ಸೆಗೆ ಮುನ್ನ ನನ್ನ ತೂಕ 112 ಕಿಲೋ ಇತ್ತು. ಈಗ ಕೆಲವು ವರ್ಷಗಳಿಂದ ಅದು 78ರಿಂದ 81ರ ನಡುವೆ ಓಡಾಡುತ್ತಿದೆ. ಇಳಿಸುವ ಕಾಲ ಮುಗಿದಿದೆ. ಈಗ ಇರುವ ಕೆಲಸ ಕಾಯ್ದುಕೊಳ್ಳುವುದು, ಅದೂ ಮಂಡ್ಯ ಕಡೆಯ ನಮ್ಮ ಮನೆಯ ಅಡುಗೆಯನ್ನು ಬಿಡದೆ. ಬ್ಯಾಂಡ್ ಒಪ್ಪುವಂಥ, ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಸೇರುವಂಥ ಊಟವನ್ನು ಅದೇ ಅಡುಗೆಮನೆಯಲ್ಲಿ ಕಟ್ಟಿಕೊಳ್ಳಲು ಸಾಧ್ಯವೇ ಎಂಬುದನ್ನು ಈ ವರ್ಷ ನೋಟ್‌ಬುಕ್ ಇಟ್ಟು ನೋಡುತ್ತಿದ್ದೇನೆ. ಪ್ರೋಟೀನಿನ ಆ ಪ್ರಮಾಣ ನನ್ನ ಡಯಟಿಷಿಯನ್ ನನಗಾಗಿ ಹಾಕಿಕೊಟ್ಟದ್ದು. ಬೇರೆಯವರ ಲೆಕ್ಕ ಬೇರೆ ಇರಬಹುದು.

ಹೊಸದಾಗಿ ಓದುವವರಿಗಾಗಿ ಎರಡು ಮಾತು. ಬ್ಯಾಂಡ್ ಎಂದರೆ ಜಠರದ ಮೇಲ್ಭಾಗಕ್ಕೆ, ಅನ್ನನಾಳ ಬಂದು ಸೇರುವ ಜಾಗದ ಸ್ವಲ್ಪ ಕೆಳಗೆ, ಸುತ್ತಿ ಕೂರಿಸುವ ಸಿಲಿಕೋನ್ ಪಟ್ಟಿ. ಅದರಿಂದ ಹೊರಟ ಸಣ್ಣ ಕೊಳವೆ ಹೊಟ್ಟೆಯ ಚರ್ಮದಡಿಯ ಪೋರ್ಟಿಗೆ ಸೇರುತ್ತದೆ. ಅಲ್ಲಿ ಸೂಜಿ ಚುಚ್ಚಿ ಸಲೈನ್ ತುಂಬಿಸಿದರೆ ಪಟ್ಟಿ ಬಿಗಿಯಾಗುತ್ತದೆ, ಹೊರಗೆ ತೆಗೆದರೆ ಸಡಿಲವಾಗುತ್ತದೆ. ಜಠರವನ್ನು ಕತ್ತರಿಸುವುದಿಲ್ಲ, ಕರುಳಿನ ದಾರಿಯನ್ನೂ ಬದಲಿಸುವುದಿಲ್ಲ. ಆದ್ದರಿಂದ ತಿಂದದ್ದೆಲ್ಲ ಮೊದಲಿನಂತೆಯೇ ಮೈಗೆ ಹತ್ತುತ್ತದೆ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲಿ ಇದಕ್ಕೆ ಅನುಮತಿ ಕೊಟ್ಟ ನಂತರದ ಹತ್ತು ವರ್ಷ ಇದು ಬಹಳ ಚಾಲ್ತಿಯಲ್ಲಿತ್ತು. ಈಗ ಜಠರದ ಬಹುಭಾಗವನ್ನೇ ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಅದರ ಜಾಗವನ್ನು ಹಿಡಿದಿದೆ. ಹೀಗಾಗಿ ಇಂದು ಕೈಗೆ ಸಿಗುವ ಆಹಾರದ ಪಟ್ಟಿಗಳು ಹೆಚ್ಚಾಗಿ ಸ್ಲೀವ್ ಮಾಡಿಸಿಕೊಂಡವರಿಗೆಂದು ಬರೆದವು, ನಮ್ಮಂಥ ಹಳೆಯ ಬ್ಯಾಂಡಿನವರಿಗೆ ಅವು ಪೂರ್ತಿ ಹೊಂದುವುದಿಲ್ಲ. ಈ ದಾಖಲೆಯನ್ನು ಬರೆದಿಡಬೇಕೆನಿಸಿದ್ದಕ್ಕೆ ಅದೂ ಒಂದು ಕಾರಣ.

ನಮ್ಮ ಮನೆಗಳಲ್ಲಿ ಹೊಟ್ಟೆಯ ಆಪರೇಷನ್ ಎಂದ ಕೂಡಲೇ ಗಂಜಿ, ಮೆತ್ತಗೆ ಕಲಸಿದ ಮೊಸರನ್ನ, ರಾಗಿ ಅಂಬಲಿ ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಿಗೆ ಆ ಮಾತು ಸರಿ. ಆನಂತರ ಬ್ಯಾಂಡಿಗೆ ಬೇಕಾದದ್ದು ಅದರ ತದ್ವಿರುದ್ಧ. ಚೆನ್ನಾಗಿ ಅಗಿದ ಗಟ್ಟಿ ಆಹಾರದ ಸಣ್ಣ ತುತ್ತು ಬ್ಯಾಂಡನ್ನು ದಾಟಬೇಕಾದರೆ ಅನ್ನನಾಳ ಅದನ್ನು ಹಲವು ಬಾರಿ ಹಿಂಡಿ ತಳ್ಳಬೇಕು, ಒಂದೊಂದು ತುತ್ತಿಗೂ ನಿಮಿಷದ ತನಕ ಹಿಡಿಯುತ್ತದೆ. ಆ ಒತ್ತಡದಿಂದಲೇ ಸಾಕೆಂಬ ಭಾವ ಹುಟ್ಟುತ್ತದೆ ಎಂಬುದು ತಜ್ಞರ ವಿವರಣೆ. ಗಂಜಿ, ಪಾಯಸ, ಐಸ್‌ಕ್ರೀಮ್‌ಗಳಿಗೆ ಈ ಯಾವ ತಡೆಯೂ ಇಲ್ಲ, ಸರಾಗವಾಗಿ ಜಾರಿಹೋಗುತ್ತವೆ, ಗಂಟೆಯೊಳಗೆ ಮತ್ತೆ ಹಸಿವಾಗುತ್ತದೆ. ಊಟದ ನಡುವೆ ನೀರು ಕುಡಿಯಬಾರದು, ಊಟವಾಗಿ ಅರ್ಧ ಗಂಟೆಯಾದರೂ ಕಾಯಬೇಕು ಎನ್ನುವುದೂ ಇದೇ ಕಾರಣಕ್ಕೆ.

ಜನವರಿ

ಅವರೆಕಾಲ ನನ್ನ ಮಟ್ಟಿಗೆ ವರ್ಷದ ಅತ್ಯುತ್ತಮ ಕಾಲ. ಸೊಗಡಿನ ಅವರೆಕಾಳನ್ನು ಸಿಪ್ಪೆಯ ಸಮೇತ ತಿಂದರೆ ಆ ಸಿಪ್ಪೆ ಬ್ಯಾಂಡಿನ ಬಾಯಲ್ಲಿ ಮಡಚಿಕೊಂಡು ಕೂರುತ್ತದೆ. ಆದರೆ ನಮ್ಮವರು ತಲೆಮಾರುಗಳಿಂದ ಹಿತಕಿದ ಬೇಳೆ ಮಾಡುತ್ತಲೇ ಬಂದಿದ್ದಾರೆ: ರಾತ್ರಿ ನೆನೆಸಿಟ್ಟ ಕಾಳನ್ನು ಬೆಳಗ್ಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ತಿಳಿಹಸಿರು ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಹೀಗೆ ಬೇರ್ಪಡಿಸಿದ ಬೇಳೆ ಬೆಂದ ಮೇಲೂ ಆಕಾರ ಬಿಡುವುದಿಲ್ಲ, ಅಗಿಯಲು ಸಿಗುತ್ತದೆ, ಅಗಿದ ಮೇಲೆ ನುಣ್ಣಗಾಗುತ್ತದೆ. ಬ್ಯಾಂಡಿಗೆ ಇದಕ್ಕಿಂತ ಒಳ್ಳೆಯ ಪದಾರ್ಥವನ್ನು ನಾನು ಕಂಡಿಲ್ಲ. ಸಾರಿನಿಂದ ಬೇಳೆಯನ್ನು ತೂತಿನ ಸೌಟಿನಲ್ಲಿ ಎತ್ತಿ, ಒದ್ದೆಯಾಗುವಷ್ಟು ಮಾತ್ರ ರಸ ಬಿಟ್ಟುಕೊಂಡು, ಸಣ್ಣ ಬಟ್ಟಲಿನಲ್ಲಿ ಟೀ ಚಮಚದಿಂದ ತಿನ್ನುತ್ತೇನೆ. ಒಂದು ಬಟ್ಟಲಿಗೆ ಇಪ್ಪತ್ತೈದು ನಿಮಿಷ ಬೇಕು. ಮಧ್ಯಾಹ್ನ ಒಂದಕ್ಕೆ ತಿಂದರೆ ಸಂಜೆ ಆರರವರೆಗೆ ಹಸಿವಿನ ನೆನಪಾಗುವುದಿಲ್ಲ.

ಕಷ್ಟವಿರುವುದು ಮುದ್ದೆಯದು. ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದು ನಮ್ಮ ಕಡೆಯ ಕ್ರಮ. ಬ್ಯಾಂಡಿನ ಮೊದಲ ನಿಯಮವೋ ಅಗಿಯದೆ ಏನನ್ನೂ ನುಂಗಬಾರದು ಎಂಬುದು. ಅಗಿಯಲು ಹೋದರೆ ಮುದ್ದೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಒಳಗೆ ಹೋಗಿ ಮತ್ತೆ ಉಂಡೆಗಟ್ಟುತ್ತದೆ. ಹಾಗೆ ಸಿಕ್ಕಿಕೊಂಡರೆ ಎದೆಯ ನಡುವೆ ಬಿಗಿಯಾಗಿ ಹಿಡಿದಂತಾಗಿ, ಬಾಯಲ್ಲಿ ನೊರೆ ನೊರೆಯಾದ ಜೊಲ್ಲು ತುಂಬಿ, ಕೊನೆಗೆ ತುತ್ತು ಇದ್ದ ಹಾಗೆಯೇ ಮೇಲೆ ಬರುತ್ತದೆ; ಒಳಗಿನ ಊತ ಇಳಿಯುವವರೆಗೆ ಒಂದು ದಿನ ದ್ರವಾಹಾರದಲ್ಲೇ ಇರಬೇಕಾಗುತ್ತದೆ. ಬಿಸಿ ಅನ್ನ, ಮೆತ್ತನೆಯ ಚಪಾತಿ, ಬ್ರೆಡ್ಡುಗಳದ್ದೂ ಹೆಚ್ಚುಕಡಿಮೆ ಇದೇ ಗುಣ.

ರಾಗಿಯನ್ನು ಬಿಡುವ ಮನಸ್ಸು ಮಾತ್ರ ನನಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನ್ ಏಳು ಗ್ರಾಂನಷ್ಟೇ ಇದ್ದರೂ ಕ್ಯಾಲ್ಸಿಯಂ ಸುಮಾರು 350 ಮಿಲಿಗ್ರಾಂ ಇದೆ, ಕಡಿಮೆ ತಿನ್ನುವವರಿಗೆ ಅದು ದೊಡ್ಡ ಆಸರೆ. ಉದ್ದು ಮತ್ತು ಹೆಸರುಕಾಳನ್ನು ನೆನೆಸಿ ರುಬ್ಬಿ, ಅದಕ್ಕೆ ರಾಗಿ ಹಿಟ್ಟು ಕಲಸಿ, ಹುದುಗಿದ ಮೇಲೆ ಕಾವಲಿಯ ಮೇಲೆ ತೆಳ್ಳಗೆ ಎಳೆದು ಗರಿಗರಿಯಾಗಿ ಬೇಯಿಸಿದ ದೋಸೆ ನನಗೆ ಚೆನ್ನಾಗಿ ಒಗ್ಗಿದೆ. ಮುರಿದರೆ ಚಟ್ಟೆಂದು ಮುರಿಯಬೇಕು. ಬಾಗಿದರೆ ಅದು ಮನೆಯ ಉಳಿದವರ ತಟ್ಟೆಗೆ.

ಮಾರ್ಚ್, ಏಪ್ರಿಲ್

ಯುಗಾದಿ ಬಂತು. ಹೋಳಿಗೆಗೂ ಪಾಯಸಕ್ಕೂ ನಡುವೆ ಒಂದನ್ನು ಆರಿಸು ಎಂದರೆ ನಾನು ಹೋಳಿಗೆ ಎನ್ನುತ್ತೇನೆ, ಏಕೆಂದರೆ ಅದನ್ನು ಅಗಿಯಲೇಬೇಕು, ಕಾಲು ಹೋಳಿಗೆಗೆ ಬ್ಯಾಂಡ್ ಸಾಕೆನ್ನುತ್ತದೆ. ಪಾಯಸದ ಲೋಟಕ್ಕೆ ಅಂಥ ಕಾವಲುಗಾರನಿಲ್ಲ.

ಮದುವೆಗಳ ಬಗ್ಗೆ ಇದ್ದ ಅಂಜಿಕೆ ಈ ಬಾರಿ ಬಹುಮಟ್ಟಿಗೆ ಹೋಯಿತು. ಬಾಳೆ ಎಲೆಯ ತುದಿಗೆ ಮೊದಲು ಬೀಳುವುದು ಕೋಸಂಬರಿ ಮತ್ತು ಪಲ್ಯ. ಹೆಸರುಬೇಳೆಯ ಕೋಸಂಬರಿ ಎಂದರೆ ಪ್ರೋಟೀನ್ ಮೊದಲು ಎಂಬ ಡಯಟಿಷಿಯನ್ನರ ಸೂತ್ರವೇ ಎಲೆಯ ಮೇಲೆ ಬಂದು ಕೂತ ಹಾಗೆ. ಅದನ್ನೇ ನಿಧಾನವಾಗಿ ಅಗಿಯುತ್ತ ಕೂತರೆ ಅನ್ನ, ಸಾರು, ಸಿಹಿ ಎಲ್ಲ ಬಂದು ಹೋಗುವಷ್ಟರಲ್ಲಿ ನನ್ನ ಊಟ ಮುಗಿದಿರುತ್ತದೆ. ಕಾಯಿತುರಿ ಹೆಚ್ಚಿದ್ದರೆ ಮಾತ್ರ ಬದಿಗೆ ಸರಿಸಬೇಕು, ಅದರ ನಾರು ಸುಲಭವಾಗಿ ಇಳಿಯುವುದಿಲ್ಲ. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ, “ಏನವ್ವ, ಕೋಳಿ ಕೆದಕ್ದಂಗೆ ಕೆದಕ್ತಾ ಇದ್ದೀಯ, ಇನ್ನೊಂಚೂರು ಅನ್ನ ಹಾಕ್ಸ್ಕೊ” ಎಂದರು. “ಆಯ್ತು ದೊಡ್ಡಮ್ಮ, ನೀವು ಉಣ್ಣಿ” ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಬಡಿಸುವವರು ಮಾತಿಗಿಂತ ಆ ಕೈಗೇ ಹೆಚ್ಚು ಬೆಲೆ ಕೊಡುತ್ತಾರೆ.

ಮಾಂಸದ ವಿಷಯ ಚುಟುಕಾಗಿ: ನಾಟಿ ಕೋಳಿಯ ಎಳೆ ಎಳೆಯಾದ ತುಂಡು ಸಿಕ್ಕಿಕೊಳ್ಳುತ್ತದೆ, ಕೈಮ ಉಂಡೆ ಸಾರಿನಲ್ಲಿ ನೆನೆದಿದ್ದರೆ ಇಳಿಯುತ್ತದೆ, ಮೀನು ಎಲ್ಲಕ್ಕಿಂತ ಸುಲಭ. ಒಂದು ಮೊಟ್ಟೆಯಲ್ಲಿ ಆರು ಗ್ರಾಂನಷ್ಟು ಪ್ರೋಟೀನ್ ಇರುವುದರಿಂದ ಬೆಳಗಿನ ದೋಸೆಯ ಮೇಲೆ ಒಂದನ್ನು ಒಡೆದು ಹರಡಿಕೊಳ್ಳುತ್ತೇನೆ.

ಮೇ

ಈ ತಿಂಗಳು ತೂಕ 81.6ಕ್ಕೆ ಏರಿತು. ಬೆಳಗ್ಗೆ ದೋಸೆಯ ಎರಡು ತುತ್ತೂ ಇಳಿಯುತ್ತಿರಲಿಲ್ಲ, ರಾತ್ರಿ ಮಲಗಿದರೆ ಹುಳಿನೀರು ಗಂಟಲಿಗೆ ಬಂದು ಕೆಮ್ಮು ಬರುತ್ತಿತ್ತು; ಇಳಿಯುವುದು ಮೊಸರನ್ನ, ಮಾವಿನ ಹಣ್ಣಿನ ಸೀಕರಣೆಗಳಷ್ಟೇ ಆದ್ದರಿಂದ ದಿನವೆಲ್ಲ ಅವೇ ಆದವು. ತೂಕ ಏರಿದೆ, ಹಾಗಾದರೆ ಬ್ಯಾಂಡ್ ಸಡಿಲವಾಗಿದೆ, ಬಿಗಿ ಮಾಡಿಸಬೇಕು ಎಂಬುದು ಮನೆಯವರೆಲ್ಲರ ತರ್ಕ. ವೈದ್ಯರು ಹೇಳಿದ್ದು ಬೇರೆ: ಊಟವಾದ ಎರಡೇ ಗಂಟೆಗೆ ಹಸಿವಾಗಿ, ಗಟ್ಟಿ ಆಹಾರ ಸಲೀಸಾಗಿ ಇಳಿಯುತ್ತಿದ್ದರೆ ಅದು ಸಡಿಲದ ಲಕ್ಷಣ; ಗಟ್ಟಿ ಆಹಾರ ಇಳಿಯದೆ, ರಾತ್ರಿ ಕೆಮ್ಮು ಮತ್ತು ಎದೆಯುರಿ ಇದ್ದರೆ ಅದು ಅತಿಬಿಗಿಯದ್ದು, ಅಥವಾ ಬ್ಯಾಂಡ್ ಜಾರಿರುವುದರ ಸೂಚನೆ. ಅತಿಬಿಗಿಯಾದಾಗ ಮನುಷ್ಯ ತಾನಾಗಿಯೇ ಜಾರುವ ಆಹಾರದ ಕಡೆಗೆ ವಾಲುತ್ತಾನೆ, ತೂಕ ಏರುತ್ತದೆ. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದು, ಬ್ಯಾಂಡ್ ಜಾರಿಲ್ಲ, ಅದರ ಮೇಲೆ ಉಳಿದ ಜಠರದ ಪುಟ್ಟ ಚೀಲದಂಥ ಭಾಗವೂ ಹಿಗ್ಗಿಲ್ಲ ಎಂಬುದನ್ನು ಖಚಿತಪಡಿಸಿಕೊಂಡ ಮೇಲೆ ಅವರು ಪೋರ್ಟಿನಿಂದ ಸ್ವಲ್ಪ ಸಲೈನ್ ಹೊರತೆಗೆದರು.

ತೂಕ ಇಳಿಸಲು ಬ್ಯಾಂಡನ್ನು ಸಡಿಲಿಸಬೇಕಾಯಿತು ಎಂದರೆ ನಮ್ಮ ಅತ್ತೆಯವರು ಈಗಲೂ ನಂಬುವುದಿಲ್ಲ. ಆದರೆ ಆ ವಾರದಲ್ಲೇ ದೋಸೆ ಮತ್ತೆ ಇಳಿಯತೊಡಗಿತು, ಸಂಜೆಯ ಬಾಯಿಚಪಲ ತಾನಾಗಿ ಅಡಗಿತು, ರಾತ್ರಿಯ ಕೆಮ್ಮು ನಿಂತಿತು. ಮಾವನ್ನು ಬಿಡಲಿಲ್ಲ, ಸೀಕರಣೆಯ ಬದಲು ನಾರಿಲ್ಲದ ಬಾದಾಮಿ ಹಣ್ಣಿನ ಎರಡು ಹೋಳು, ಅದೂ ಊಟದ ಕೊನೆಗೆ.

ಜೂನ್ ಕೊನೆ, ಆಷಾಢ

ತೂಕ 79.8. ಮದುವೆ ಹಬ್ಬಗಳಿಲ್ಲದ ತಿಂಗಳಾದ್ದರಿಂದ ಹೊಸ ಪ್ರಯೋಗಕ್ಕೆ ಬಿಡುವಿದೆ, ಹುರುಳಿಕಾಳಿನ ಬಸ್ಸಾರನ್ನು ಕೈಗೆತ್ತಿಕೊಂಡಿದ್ದೇನೆ. ಒಣ ಹುರುಳಿಯಲ್ಲಿ ನೂರು ಗ್ರಾಮಿಗೆ 22 ಗ್ರಾಂನಷ್ಟು ಪ್ರೋಟೀನ್ ಇದೆಯಾದರೂ ಅದರ ಸಿಪ್ಪೆ ಅವರೆಯದರಂತೆ ಕೈಗೆ ಬಿಡುವುದಿಲ್ಲ. ಮೊಳಕೆ ಬರಿಸಿ, ಕುಕ್ಕರಿನಲ್ಲಿ ಹೆಚ್ಚು ಹೊತ್ತು ಬೇಯಿಸಿ, ಬಸಿದು, ಪಲ್ಯವನ್ನು ಒರಳಿನಲ್ಲಿ ಒಂದೆರಡು ಬಾರಿ ಜಜ್ಜಿದರೆ ಇಳಿಯುತ್ತದೆ. ಪೂರ್ತಿ ರುಬ್ಬಿದರೆ ಮತ್ತೆ ಗಂಜಿಯ ಕಥೆಯೇ. ಎಷ್ಟು ಜಜ್ಜಬೇಕೆಂಬುದಿನ್ನೂ ಹದಕ್ಕೆ ಬಂದಿಲ್ಲ.

ಬ್ಯಾಂಡಿನಲ್ಲಿ ಪೋಷಕಾಂಶ ಹೀರುವಿಕೆಗೆ ತಡೆಯಿಲ್ಲದಿದ್ದರೂ ತಿನ್ನುವುದೇ ಕಡಿಮೆಯಾದ್ದರಿಂದ ಬಿ12, ವಿಟಮಿನ್ ಡಿ ಮತ್ತು ಕಬ್ಬಿಣದ ಪರೀಕ್ಷೆ ಪ್ರತಿವರ್ಷ ಮಾಡಿಸುತ್ತೇನೆ. ಮಲ್ಟಿವಿಟಮಿನ್ನಿನ ದೊಡ್ಡ ಮಾತ್ರೆ ಸಿಕ್ಕಿಕೊಳ್ಳುವುದರಿಂದ ಅಗಿಯುವ ಮಾತ್ರೆಗೆ ಬದಲಾಯಿಸಿದ್ದಾಗಿದೆ. ಎಲ್ಲ ಮಾತ್ರೆಗಳನ್ನೂ ಪುಡಿ ಮಾಡಬಾರದು, ಔಷಧದಂಗಡಿಯಲ್ಲಿ ಕೇಳಿಯೇ ಮಾಡಬೇಕು. ಶ್ರಾವಣ ಶುರುವಾಗುವ ಮುನ್ನ ರಕ್ತಪರೀಕ್ಷೆಯ ವರದಿ ಕೈಗೆ ಬರಲಿದೆ, ಅದನ್ನೂ ಹುರುಳಿಯ ಫಲಿತಾಂಶವನ್ನೂ ಮುಂದಿನ ಭಾಗದಲ್ಲಿ ಸೇರಿಸುತ್ತೇನೆ.