ಬೈತಲೆ ಇರುವ ಹಕ್ಕಿ, ಇಲ್ಲದ ಹಕ್ಕಿ

ಚಿಕ್ಕಮಗಳೂರಿನಲ್ಲಿ ಓದಿದವರಿಗೆ ಮಾರ್ಚ್ ಅಂದರೆ ಪರೀಕ್ಷೆ, ಹೂಮಳೆ, ಊರೆಲ್ಲ ಕಾಫಿ ಹೂವಿನ ಘಮ. ಪ್ರಾಣಿಶಾಸ್ತ್ರದ ನಮ್ಮ ಮೇಡಂಗೆ ಮಾತ್ರ ಅದು ಉಲಿಯಕ್ಕಿಗಳ, ಅಂದರೆ ವಾರ್ಬ್ಲರ್‌ಗಳ ತಿಂಗಳು. "ಏಪ್ರಿಲ್ ಕಳೆದರೆ ಒಂದೂ ಸಿಗಲ್ಲ, ಬನ್ರೋ" ಎಂದು ಬೆಳಗ್ಗೆಯೇ ತೋಟಕ್ಕೆ ಹೊರಡಿಸುತ್ತಿದ್ದರು.

ಗುಬ್ಬಿಗಿಂತ ಚಿಕ್ಕ ಹಕ್ಕಿಗಳು ಇವು. ಮೈಯೆಲ್ಲ ಎಲೆಯ ಬಣ್ಣ. ಸಿಲ್ವರ್ ಓಕಿನ ತುದಿಯಲ್ಲಿ ಹುಳ ಹುಡುಕುತ್ತಾ ಒಂದು ಕಡೆ ನಿಲ್ಲುವುದೇ ಇಲ್ಲ. ಚಳಿಗಾಲ ನಮ್ಮಲ್ಲಿ, ಬೇಸಿಗೆ ಹಿಮಾಲಯದಲ್ಲಿ. ಗ್ರೀನಿಷ್ ವಾರ್ಬ್ಲರ್‌ಗಳಲ್ಲಿ ಕೆಲವು ಅದನ್ನೂ ದಾಟಿ ಸೈಬೀರಿಯಾದ ಕಡೆಗೆ ಹೋಗುತ್ತವೆ. ತೂಕ ಹತ್ತು ಗ್ರಾಂ ಕೂಡ ಇಲ್ಲ!

ಇವನ್ನು ಗುರುತಿಸುವಾಗ ಬಣ್ಣ ನಂಬಬೇಡಿ, ಮೊದಲು ಕಿವಿ ಕೊಡಿ ಅನ್ನುತ್ತಿದ್ದರು ಮೇಡಂ. ಗ್ರೀನಿಷ್ ವಾರ್ಬ್ಲರ್ "ಚಿ-ಸ್ವೀ" ಎಂದು ಚುರುಕಾಗಿ ಕರೆಯುತ್ತದೆ. ದೊಡ್ಡ ಕೊಕ್ಕಿನ ಉಲಿಯಕ್ಕಿಯದು ಎರಡು ಸ್ವರದ ಸೀಟಿ, ಎರಡನೆಯದು ಮೇಲಕ್ಕೆ ಏರುತ್ತದೆ. ಕೆಳಗೆ ಲಂಟಾನ ಪೊದೆಯೊಳಗಿಂದ "ಚೆಕ್ ಚೆಕ್" ಅಂದರೆ ಅದು ಕಂದು ಬಣ್ಣದ ಬ್ಲೈತ್ಸ್ ರೀಡ್ ವಾರ್ಬ್ಲರ್. ಅದನ್ನು ನೋಡಲೇಬೇಕೆಂದರೆ ಸುಮ್ನೆ ಕಾಯಬೇಕು, ಬೇರೆ ದಾರಿ ಇಲ್ಲ.

ಕಣ್ಣಿಗೆ ಕೆಲಸ ಬರುವುದು ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್ ಬಂದಾಗ. ಬೂದು ತಲೆಯ ನಡುವೆ, ಬೈತಲೆ ತೆಗೆದ ಹಾಗೆ, ಒಂದು ಮಸುಕು ಗೆರೆ. ರೆಕ್ಕೆಯ ಮೇಲೆ ಎರಡು ಪಟ್ಟಿ. ಗ್ರೀನಿಷ್‌ಗೆ ಬೈತಲೆ ಇಲ್ಲ, ಕಣ್ಣಿನ ಮೇಲೆ ಹುಬ್ಬಿನಂಥ ಗೆರೆ ಮಾತ್ರ ಎದ್ದು ಕಾಣುತ್ತದೆ, ರೆಕ್ಕೆಯ ಪಟ್ಟಿಯೂ ಸಾಮಾನ್ಯವಾಗಿ ಒಂದೇ. ಆದರೆ ಮರದ ಕೆಳಗೆ ನಿಂತವರಿಗೆ ಹಕ್ಕಿಯ ಹೊಟ್ಟೆ ಬಿಟ್ಟು ಬೇರೇನು ಕಾಣುತ್ತೆ? ಅದಕ್ಕೇ ಮೇಡಂ ನಮ್ಮನ್ನು ತೋಟದ ಇಳಿಜಾರಿನ ಮೇಲ್ಭಾಗದಲ್ಲಿ ನಿಲ್ಲಿಸುತ್ತಿದ್ದರು. ಕೆಳಗಿನ ಮರಗಳ ತುದಿ ನಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತಿತ್ತು. ಹಕ್ಕಿ ಹುಳಕ್ಕೆಂದು ಬಗ್ಗಿದ ಕೂಡಲೇ ನೆತ್ತಿಯ ಗೆರೆ ಸ್ಪಷ್ಟ. ಮಲೆನಾಡಿನ ಕಾಲೇಜಿನಲ್ಲಿ ಓದುವುದರ ದೊಡ್ಡ ಲಾಭ ಇದೇ ಎಂದು ನಾನು ಈಗಲೂ ಹೇಳುತ್ತೇನೆ.

ಹೊರಡುವ ಮುಂಚೆ ಇವು ಬರೀ ಕರೆ ಬಿಟ್ಟು ಹಾಡಲು ಶುರುಮಾಡುತ್ತವೆ. ಹಾಡು ಜಾಸ್ತಿಯಾಯಿತು ಅಂದರೆ ಪ್ರಯಾಣ ಹತ್ತಿರ ಬಂತು ಅಂತ ಲೆಕ್ಕ. ಕೊನೆಯ ಕರೆ ಕೇಳಿದ ತಾರೀಖನ್ನು ಮೇಡಂ ವಿಭಾಗದ ನೋಟ್‌ಬುಕ್ಕಿನಲ್ಲಿ ಬರೆಸುತ್ತಿದ್ದರು. ಈಗ ನಮ್ಮ ಕಾಲೇಜಿನಲ್ಲಿ ಓದುತ್ತಿರುವವರು ದಯವಿಟ್ಟು ಆ ಪುಸ್ತಕ ಹುಡುಕಿ ತೆಗೆಯಿರಿ, ಈ ವರ್ಷದ ತಾರೀಖೂ ಅದರಲ್ಲಿ ಸೇರಲಿ.