ಗಿರಾಕಿಗಳೇ ಮಾಲೀಕರಾದ ಪಬ್‌ನಲ್ಲಿ ಒಂದು ಭಾನುವಾರ

ಇಂಗ್ಲೆಂಡಿನ ಬಾತ್ ಊರಿಗೆ ಹೋದವರು ಮೊದಲು ನೋಡುವುದು ರೋಮನ್ನರ ಸ್ನಾನಗೃಹ. ನಾವೂ ನೋಡಿದೆವು. ಆದರೆ ಅಣ್ಣನಿಗೆ ಅಲ್ಲಿ ಮನಸ್ಸೇ ಇರಲಿಲ್ಲ. ಎರಡೆರಡು ನಿಮಿಷಕ್ಕೆ ಮೊಬೈಲ್ ನೋಡುತ್ತಿದ್ದ. ಮಧ್ಯಾಹ್ನ ಒಂದು ಗಂಟೆ ಹೊಡೆಯುವುದರೊಳಗೆ ವಾಲ್ಕಾಟ್ ಸ್ಟ್ರೀಟ್ ಸೇರದಿದ್ದರೆ ಕೂರಲು ಜಾಗ ಸಿಗಲ್ಲ ಅನ್ನುವುದು ಅವನ ಚಿಂತೆ.

ಅಣ್ಣ ಅಂದರೆ ದೊಡ್ಡಪ್ಪನ ಮಗ. ಬ್ರಿಸ್ಟಲ್‌ನಲ್ಲಿ ಕೆಲಸ. ಅಲ್ಲಿಂದ ಬಾತ್‌ಗೆ ರೈಲಿನಲ್ಲಿ ಕಾಲು ಗಂಟೆಯೂ ಹಿಡಿಯುವುದಿಲ್ಲ. ಅವನು ಆಗಾಗ ಭಾನುವಾರ ಇಲ್ಲಿನ ‘ದಿ ಬೆಲ್ ಇನ್’ ಎಂಬ ಪಬ್‌ಗೆ ಹಾಡು ಕೇಳಲು ಬರುತ್ತಾನೆ. ಪಬ್ ಅಂದಾಗ ನನ್ನ ತಲೆಯಲ್ಲಿ ಇದ್ದದ್ದು ಬೆಂಗಳೂರಿನ ಇಂದಿರಾನಗರ. ಬಾಗಿಲಲ್ಲಿ ಬೌನ್ಸರ್, ಕಿವಿ ಕಿತ್ತುಹೋಗುವ ಡಿಜೆ, ಬಿಲ್ ನೋಡಿದ ತಕ್ಷಣ ಇಳಿದುಹೋಗುವ ನಶೆ.

ಇಲ್ಲಿ ಬಾಗಿಲು ತಳ್ಳಿದರೆ ಎದುರಿಗೆ ಸಿಕ್ಕಿದ್ದು ಒಂದು ನಾಯಿ. ಮೇಜಿನ ಕೆಳಗೆ ಕಾಲು ಚಾಚಿ ಮಲಗಿತ್ತು. ಅದನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಸವೆದ ಮರದ ನೆಲ, ಗೋಡೆ ತುಂಬ ಹಾಡುಗಾರರ ಪೋಸ್ಟರ್‌ಗಳು, ಒಂದು ಮೂಲೆಯಲ್ಲಿ ಡ್ರಮ್ ಸೆಟ್. ಕೂತವರಲ್ಲಿ ತಲೆ ನರೆತವರೇ ಜಾಸ್ತಿ. ಬೌನ್ಸರ್ ಹುಡುಕಿದರೂ ಇಲ್ಲ. ಒಳಗೆ ಬರಲು ದುಡ್ಡು ಕೊಡಬೇಕಾಗಿಯೂ ಇಲ್ಲ.

ನಾನು ಮೇಜು ಹಿಡಿದು ಮೆನುಗಾಗಿ ಕಾಯತೊಡಗಿದೆ. ಅಣ್ಣ ನಕ್ಕ. “ತಮ್ಮಾ, ಇಲ್ಲಿ ಯಾರೂ ಬಂದು ಕೇಳಂಗಿಲ್ಲ. ನಾವ ಹೋಗಿ ಕಟ್ಟೀಗೆ ನಿಂದ್ರಬೇಕು.” ಕಟ್ಟೆ ಅಂದರೆ ಬಾರ್ ಕೌಂಟರ್. ಅಲ್ಲಿ ಸಾಲು ಅಂತ ಏನೂ ಇರಲಿಲ್ಲ, ಜನ ಅಡ್ಡಡ್ಡ ನಿಂತಿದ್ದರು. ಆದರೂ ಯಾರು ಮೊದಲು ಬಂದವರು ಅನ್ನುವುದು ಎಲ್ಲರಿಗೂ ಗೊತ್ತು. ಒಬ್ಬರಂತೂ ನನ್ನನ್ನು ತೋರಿಸಿ, “ಇವರು ನನಗಿಂತ ಮೊದಲು ಬಂದವರು” ಅಂದರು. ಗದಗ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯೊಳಗಿಂದ ಟವೆಲ್ ಹಾಕಿ ಸೀಟು ಹಿಡಿದು ಬೆಳೆದವನು ನಾನು. ಸ್ವಲ್ಪ ಹೊತ್ತು ಏನು ಮಾತಾಡಬೇಕೋ ತಿಳಿಯಲಿಲ್ಲ.

ಕೌಂಟರ್ ಮೇಲೆ ಉದ್ದ ಹಿಡಿಕೆಗಳು ಸಾಲಾಗಿದ್ದವು. ಒಂದೊಂದಕ್ಕೂ ಬಿಯರ್ ಹೆಸರಿನ ಬಿಲ್ಲೆ. ಯಾವುದು ಬೇಕು ಅಂತ ನಾನು ತಡವರಿಸುತ್ತಿದ್ದಾಗ, ಒಳಗಿದ್ದ ಹುಡುಗಿ ಪುಟ್ಟ ಗ್ಲಾಸಿನಲ್ಲಿ ಒಂದು ಗುಟುಕು ಹಾಕಿ ಕೊಟ್ಟಳು. ರುಚಿ ನೋಡಿ ಆಮೇಲೆ ಹೇಳಿ ಅಂತ. ನಾನು ‘ಬಿಟರ್’ ಎಂಬ ಕಹಿ ಬಿಯರ್ ತೆಗೆದುಕೊಂಡೆ. ಅವಳು ಗ್ಲಾಸನ್ನು ಓರೆಯಾಗಿ ಹಿಡಿದು ಹಿಡಿಕೆಯನ್ನು ತನ್ನ ಕಡೆ ಎಳೆದಳು. ತೋಳಿನ ನರ ಉಬ್ಬುವಷ್ಟು ಬಲ ಹಾಕಿಯೇ ಎಳೆಯಬೇಕು. ಎರಡು ಸಲ ಉದ್ದಕ್ಕೆ, ಮೂರನೇ ಸಲ ಅರ್ಧ. ನಮ್ಮೂರ ಬೋರಿನ ಹ್ಯಾಂಡ್‌ಪಂಪ್ ಹೊಡೆದ ಹಾಗೇ. ಕಂದು ಬಣ್ಣದ ಬಿಯರ್ ಮೊದಲು ಮೋಡ ಕವಿದಂತೆ ಮಬ್ಬಾಗಿ, ಬುಡದಿಂದ ನಿಧಾನಕ್ಕೆ ತಿಳಿಯಾಗುತ್ತಾ ಬಂತು. ಮೇಲೆ ತೆಳ್ಳಗೆ ನೊರೆ. ಒಂದು ಪಿಂಟ್, ಅಂದರೆ 568 ಮಿ.ಲೀ.

ಕುಡಿದರೆ ತಣ್ಣಗಿಲ್ಲ! ನಮ್ಮ ಕಡೆ ಬಿಯರ್ ಅಂದರೆ ಬಾಟಲಿಗೆ ಬೆವರು ಬಂದಿರಬೇಕು, ಇಲ್ಲದಿದ್ದರೆ ವೈನ್ ಶಾಪಿನವನ ಜೊತೆ ಜಗಳ. “ಇದೇನಣ್ಣ, ಫ್ರಿಜ್ ಕೆಟ್ಟೈತೇನು?” ಅಂದೆ. ಅವನು ಕಾದಿದ್ದೇ ಈ ಪ್ರಶ್ನೆಗೆ ಅಂತ ಕಾಣುತ್ತದೆ.

ಇದು ‘ರಿಯಲ್ ಏಲ್’ ಅನ್ನುವ ಬಗೆಯ ಬಿಯರ್. ಬ್ರೂವರಿಯಲ್ಲಿ ಸೋಸಿ, ಯೀಸ್ಟ್ ಸಾಯಿಸಿ, ಗ್ಯಾಸ್ ತುಂಬಿ ಕಳಿಸಿದ ಬಿಯರ್ ಅಲ್ಲ. ಪೀಪಾಯಿಯೊಳಗೆ ಯೀಸ್ಟ್ ಜೀವಂತ ಇರುತ್ತದೆ. ಪಬ್ಬಿನ ನೆಲಮಾಳಿಗೆಗೆ ಬಂದ ಮೇಲೂ ಬಿಯರ್ ಹುಳಿಯುತ್ತಲೇ ಇರುತ್ತದೆ, ಗುಳ್ಳೆ ಹುಟ್ಟುವುದು ಹಾಗೆ. ನೆಲಮಾಳಿಗೆಯನ್ನು 11ರಿಂದ 13 ಡಿಗ್ರಿಯಲ್ಲಿ ಇಡುತ್ತಾರೆ. ಅದಕ್ಕಿಂತ ತಂಪಾದರೆ ರುಚಿ ಮಂಕಾಗುತ್ತದೆ, ಬಿಸಿಯಾದರೆ ಕೆಡುತ್ತದೆ. ಸಾಮಾನ್ಯ ಪೀಪಾಯಿಯಲ್ಲಿ 72 ಪಿಂಟ್ ಹಿಡಿಯುತ್ತದೆ. ಒಮ್ಮೆ ತೆರೆದರೆ ಒಳಗೆ ಗಾಳಿ ಹೋಗುವುದರಿಂದ ಮೂರು ದಿನದ ಆಸುಪಾಸಿನಲ್ಲಿ ಖಾಲಿ ಮಾಡಲೇಬೇಕು. ಗಿರಾಕಿ ಇಲ್ಲದ ಪಬ್ಬಿನಲ್ಲಿ ಒಳ್ಳೆ ಏಲ್ ಸಿಗುವುದಿಲ್ಲ ಅನ್ನುವುದು ಇದಕ್ಕೇ. 1960ರ ದಶಕದಲ್ಲಿ ದೊಡ್ಡ ಕಂಪನಿಗಳು ಈ ರಗಳೆಯೇ ಬೇಡ ಅಂತ ಗ್ಯಾಸ್ ಬಿಯರನ್ನು ಊರೆಲ್ಲ ತುಂಬಿದಾಗ, ಕುಡಿಯುವವರೇ ಸಿಟ್ಟಾಗಿ 1971ರಲ್ಲಿ ‘ಕ್ಯಾಮ್ರಾ’ ಅಂತ ಸಂಘಟನೆ ಕಟ್ಟಿದರು. ಬಿಯರಿಗಾಗಿ ಚಳವಳಿ! ಈ ದೇಶದ ಮೇಲೆ ನನಗಿದ್ದ ಗೌರವ ಅವತ್ತು ಹೆಚ್ಚಾಯಿತು.

ಅರ್ಧ ಗ್ಲಾಸ್ ಇಳಿದ ಮೇಲೆ ಬಿಯರ್ ತಣ್ಣಗಿಲ್ಲ ಅನ್ನುವುದೇ ಮರೆತುಹೋಯಿತು. ನಾಲಗೆಯ ಮೇಲೆ ಮೊದಲು ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಣ್ಣ ಸಿಹಿ, ಆಮೇಲೆ ಹಾಪ್ಸ್ ಎಂಬ ಹೂವಿನ ಕಹಿ. ಗ್ಯಾಸಿನ ಚುರುಕು ಇಲ್ಲವಾದ್ದರಿಂದ ಹೊಟ್ಟೆ ಉಬ್ಬರಿಸಲಿಲ್ಲ.

ಆಗ ಅಣ್ಣನ ಗ್ಲಾಸ್ ನೋಡಿದೆ. ಅವನದು ತಿಳಿಯಾಗಿರಲಿಲ್ಲ, ಮಬ್ಬು ಮಬ್ಬು. ಕಾರಣ ಕೇಳಿ ನಗು ಬಂತು. ಬಿಯರ್ ತಿಳಿಯಾಗಲಿ ಅಂತ ಬಹಳ ಕಡೆ ಐಸಿಂಗ್ಲಾಸ್ ಹಾಕುತ್ತಾರೆ. ಅದನ್ನು ಮಾಡುವುದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ. ಯೀಸ್ಟನ್ನು ಹಿಡಿದುಕೊಂಡು ತಳಕ್ಕೆ ಇಳಿಯುವುದು ಅದರ ಕೆಲಸ. ಅಣ್ಣ ಬಿಯರ್ ಬಿಡುವುದಿಲ್ಲ, ಆದರೆ ಮೀನು ಮುಟ್ಟುವುದಿಲ್ಲ. ಹಾಗಾಗಿ ಐಸಿಂಗ್ಲಾಸ್ ಹಾಕದ್ದನ್ನೇ ಕೇಳಿ ತೆಗೆದುಕೊಳ್ಳುತ್ತಾನೆ. “ದೊಡ್ಡವ್ವಗ ಹೇಳ್ಲೇನು, ನಿನ್ನ ಮಗ ಶುದ್ಧ ಸಸ್ಯಾಹಾರಿ ಅದಾನ ಅಂತ?” ಅಂದೆ. ನನ್ನ ಗ್ಲಾಸಿನಲ್ಲಿ ಏನಿತ್ತು ಅಂತ ನಾನು ವಿಚಾರಿಸಲು ಹೋಗಲಿಲ್ಲ.

ಒಂದು ಗಂಟೆಗೆ ವಾದ್ಯ ಶುರುವಾಯಿತು. ಗಿಟಾರ್, ಟ್ರಂಪೆಟ್, ಡ್ರಮ್, ಆಳೆತ್ತರದ ಡಬಲ್ ಬೇಸ್. ನಾವು ಕೂತಿದ್ದು ಬೇಸ್ ನುಡಿಸುವವರ ಪಕ್ಕದಲ್ಲೇ. ಬಲಗೈಯ ಎರಡು ಬೆರಳಿಗೆ ಬಿಳಿ ಟೇಪ್ ಸುತ್ತಿದ್ದರು. ತಂತಿ ಎಳೆದು ಬಿಟ್ಟಾಗೆಲ್ಲ ನನ್ನ ಮೇಜು ಸಣ್ಣಗೆ ಅದುರುತ್ತಿತ್ತು, ಗ್ಲಾಸಿನ ನೊರೆಯೂ. ಜಾಝ್ ನನಗೆ ಅರ್ಥವಾಗುವುದಿಲ್ಲ, ಹೇಳಿಬಿಡುತ್ತೇನೆ. ಆದರೆ ಟ್ರಂಪೆಟ್‌ನವರು ಒಂದು ಸುತ್ತು ಮುಗಿಸಿದ ಕೂಡಲೇ, ಹಾಡು ಇನ್ನೂ ನಡೆಯುತ್ತಿರುವಾಗಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಕಡೆ ಒಳ್ಳೆ ತಾನಕ್ಕೆ “ಭಲೇ” ಅನ್ನುವವರು ಸಿಕ್ಕಂತಾಯಿತು, ಅಲ್ವಾ? ವಯಸ್ಸಾದ ದಂಪತಿ ಎದ್ದು ಇದ್ದ ನಾಲ್ಕಡಿ ಜಾಗದಲ್ಲೇ ಕುಣಿದರು. ನಾಯಿ ಏಳಲಿಲ್ಲ.

ಮೊದಲು ಪಬ್ಬಿನಲ್ಲಿ ಇಬ್ಬರಿಗಿಂತ ಹೆಚ್ಚು ಜನ ನುಡಿಸಬೇಕಾದರೆ ಬೇರೆ ಲೈಸೆನ್ಸ್ ಬೇಕಿತ್ತಂತೆ. ಇಬ್ಬರಾದರೆ ಸಂಗೀತ, ಮೂವರಾದರೆ ಕಾನೂನು! 2003ರ ಕಾಯ್ದೆ ಆ ನಿಯಮ ತೆಗೆದರೂ ಹೊಸ ತಲೆನೋವು ತಂದಿತು. 2012ರ ಲೈವ್ ಮ್ಯೂಸಿಕ್ ಆ್ಯಕ್ಟ್ ಬಂದ ಮೇಲೆಯೇ ಸಣ್ಣ ಪಬ್‌ಗಳು ಸ್ವಲ್ಪ ಉಸಿರಾಡಿದ್ದು.

ವಿರಾಮದಲ್ಲಿ ಪಕ್ಕದ ಮೇಜಿನವರು ಕ್ರಿಸ್ಪ್ಸ್, ಅಂದರೆ ಆಲೂಗಡ್ಡೆ ಚಿಪ್ಸ್ ಪೊಟ್ಟಣವನ್ನು ಮೂರೂ ಕಡೆ ಹರಿದು, ತಟ್ಟೆಯಂತೆ ಅಗಲಿಸಿ ಮಧ್ಯೆ ಇಟ್ಟು, ನಮ್ಮ ಕಡೆಗೂ ಸರಿಸಿದರು. ಮಾತು ಬೆಳೆಯಿತು. ಅವರು ಸಲೀಸಾಗಿ, “ಈ ಪಬ್ಬಿನಲ್ಲಿ ನನ್ನದೂ ಒಂದು ಪಾಲಿದೆ” ಅಂದರು. ನಾನು ತಮಾಷೆ ಅಂದುಕೊಂಡೆ. ನಿಜವೇ. 2013ರಲ್ಲಿ ಈ ಪಬ್ ಮಾರಾಟಕ್ಕೆ ಬಂದಾಗ, ಯಾರೋ ಕೊಂಡು ಇದರ ಸ್ವರೂಪವನ್ನೇ ಕೆಡಿಸಿಯಾರು ಅಂತ ಗಿರಾಕಿಗಳು, ಅಭಿಮಾನಿಗಳು, ಕೆಲಸದವರು ಸೇರಿ ಶೇರು ಹಾಕಿ ಕೊಂಡರು. ಒಟ್ಟು 536 ಜನ. ರಾಬರ್ಟ್ ಪ್ಲಾಂಟ್, ಪೀಟರ್ ಗೇಬ್ರಿಯಲ್‌ರಂಥ ದೊಡ್ಡ ಗಾಯಕರೂ ಅದರಲ್ಲಿದ್ದಾರೆ. ಈಗ ಇದು ಸಹಕಾರ ಸಂಘ.

ಸಹಕಾರ ಸಂಘ ಅಂದ ಕೂಡಲೇ ನಾನು ನೆಟ್ಟಗೆ ಕೂತೆ. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಸಹಕಾರ ಸಂಘ ಶುರುವಾಯಿತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. ನಮ್ಮ ಮಂದಿಗೆ ಅದು ದೊಡ್ಡ ಹೆಮ್ಮೆ. ಅಪ್ಪ ನಮ್ಮೂರ ಸೊಸೈಟಿಯ ಕಾರ್ಯದರ್ಶಿಯಾಗಿ ರಿಟೈರ್ ಆದವರು. ಊಟಕ್ಕೆ ಕೂತರೂ ಬಾಕಿದಾರರದ್ದೇ ಮಾತು. ಇಂಗ್ಲೆಂಡಿನಲ್ಲಿ 1844ರಲ್ಲಿ ರಾಚ್‌ಡೇಲಿನ ನೇಕಾರರು ಅಂಗಡಿ ತೆರೆದ ಕಥೆ ನನಗೆ ಶಾಲೆಗಿಂತ ಮೊದಲು ಅವರ ಬಾಯಿಂದಲೇ ಗೊತ್ತು. ಆದರೆ ಗೊಬ್ಬರ, ಬೀಜ, ಬೆಳೆಸಾಲ ಬಿಟ್ಟು ಬಿಯರಿಗೂ ಸೊಸೈಟಿ ಇರುತ್ತದೆ ಅಂತ ಅವರು ಹೇಳಿರಲಿಲ್ಲ.

ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಪಬ್ ಅನ್ನಲಿಲ್ಲ, ‘ಹೋಟೆಲ್’ ಅಂದೆ. ಅವರು ಖುಷಿಯಾದರು.

“ಎಷ್ಟ ಮಂದಿ ಮೆಂಬರ್ಸು?”

“ಐನೂರಕ್ಕೂ ಹೆಚ್ಚ ಅದಾರಂತರಿ.”

“ಜನರಲ್ ಬಾಡಿಗೆ ಕೋರಂ ತುಂಬತೈತೇನು?”

“ಇಂಥಾ ಹೋಟೆಲಿಗೆ ಕೋರಂ ತುಂಬದ ಇರತೈತೇನ್ರಿ ಅಪ್ಪಾ!”

ಅಣ್ಣ ಹಿಂದೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದಿದ್ದ. ಆ ಕಡೆಯಿಂದ ಅಪ್ಪ, “ನಮ್ಮ ಸೊಸೈಟಿಯೊಳಗ ಉಪ್ಪಿಟ್ಟು, ಶಿರಾ ಎರಡೂ ಮಾಡ್ಸಿದ್ರೂ ತುಂಬತಿರಲಿಲ್ಲ ನೋಡು. ಅಲ್ಲಿ ಅಂಥಾದ್ದೇನ ಕೊಡ್ತಾರ, ಕೇಳಿ ಹೇಳು” ಅಂದರು.